ನೆಲೆಗೂ ದುಡಿಮೆಗೂ ನಡುವಣ ದಾರಿ

ಮನೆಮಾರುಗಳನ್ನು ಕಳೆದುಕೊಂಡು ಪರದೇಶದಲ್ಲಿ ಬಂದಿಳಿದವನಿಗೆ ಏನನ್ನು ಕೊಟ್ಟರೆ ಅವನು ಮರಳಿ ಗೃಹಸ್ಥನೆನ್ನಿಸಿಕೊಳ್ಳುವನು ಎಂಬ ಪ್ರಶ್ನೆಗೆ ಒಂದೊಂದು ನಾಡೂ ತನ್ನ ಜೀವನಕ್ರಮಕ್ಕೆ ಅನುಗುಣವಾದ ಉತ್ತರವನ್ನು ಕಂಡುಕೊಳ್ಳಬೇಕಾಗುತ್ತದೆ. 1960ರ ಸುಮಾರಿಗೆ ಟಿಬೆಟ್ಟಿನಿಂದ ಬಂದವರಿಗೆ ಅಂದಿನ ಮೈಸೂರು ರಾಜ್ಯವು ಬೈಲುಕುಪ್ಪೆಯಲ್ಲಿ ಕೊಟ್ಟದ್ದು ಭೂಮಿ. ಕಾಡು ಸವರಿ, ಮುಸುಕಿನ ಜೋಳ ಬಿತ್ತಿ, ಅವರು ಅಲ್ಲಿ ಊರು ಕಟ್ಟಿಕೊಂಡರು. ಬೇಸಾಯವೇ ಬಾಳಿಗೆ ಆಧಾರವಾದ ಸೀಮೆಯಲ್ಲಿ ಅದು ಸಹಜವಾದ ಉತ್ತರ. ಆದರೆ ಅಮೆರಿಕದಂತಹ ದೇಶದಲ್ಲಿ, ಅನ್ನವು ಮನೆಯೆದುರಿನ ಹೊಲದಲ್ಲಿ ಹುಟ್ಟದೆ ಹತ್ತಿಪ್ಪತ್ತು ಮೈಲಿಗಳಾಚೆಯ ಕಾರ್ಖಾನೆಯಲ್ಲಿ ಹುಟ್ಟುವಾಗ, ಆ ಭೂಮಿಯ ಸ್ಥಾನದಲ್ಲಿ ನಿಲ್ಲತಕ್ಕ ವಸ್ತು ಯಾವುದು? ಸುಸ್ಥಿತಿಯಲ್ಲಿ ಓಡುವ ಹಳೆಯದೊಂದು ಕಾರು ಎಂದರೆ ಓದುಗರು ಅಚ್ಚರಿಪಟ್ಟಾರು. ಆದರೂ ನಾನು ಹೇಳಹೊರಟಿರುವುದು ಅದನ್ನೇ.

ಭೂತಾನದ ಲೋಟ್ಶಂಪಾ ಜನರ ವೃತ್ತಾಂತವನ್ನು ನೋಡೋಣ. ಆ ದೇಶದ ದಕ್ಷಿಣದ ತಪ್ಪಲಿನಲ್ಲಿ ಕಿತ್ತಳೆ ಏಲಕ್ಕಿಗಳನ್ನು ಬೆಳೆದುಕೊಂಡಿದ್ದ ಈ ನೇಪಾಳಿ ಭಾಷಿಕರು 1990ರ ಸುಮಾರಿನಿಂದ ಅಲ್ಲಿಂದ ಉಚ್ಚಾಟಿತರಾಗಿ, ಪೂರ್ವ ನೇಪಾಳದ ಝಾಪಾ ಮತ್ತು ಮೊರಂಗ್ ಜಿಲ್ಲೆಗಳ ಶಿಬಿರಗಳಲ್ಲಿ, ಬಿದಿರಿನ ಗುಡಿಸಲುಗಳೊಳಗೆ, ಪಡಿತರದ ಅಕ್ಕಿಯನ್ನು ನೆಚ್ಚಿ ಎರಡು ದಶಕಗಳಷ್ಟು ಕಾಲವನ್ನು ಕಳೆದರು. 2008ರಿಂದೀಚೆಗೆ ಅವರಲ್ಲಿ 90,000ಕ್ಕೂ ಮಿಕ್ಕ ಮಂದಿ ಅಮೆರಿಕಕ್ಕೆ ಬಂದು ಒಹಾಯೊದ ಕೊಲಂಬಸ್, ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್, ವರ್ಮಾಂಟಿನ ಬರ್ಲಿಂಗ್ಟನ್ ಮುಂತಾದ ಊರುಗಳಲ್ಲಿ ನೆಲಸಿದರು. ಆ ದೇಶದ 1980ರ ನಿರಾಶ್ರಿತರ ಕಾನೂನು, ಬಂದವನು ಆದಷ್ಟು ಬೇಗ ಸ್ವಾವಲಂಬಿಯಾಗಬೇಕೆಂದು ಬಯಸುತ್ತದೆ. ಬಾಡಿಗೆ ಮನೆ, ಹಾಸಿಗೆ, ಪಾತ್ರೆಪಡಗಗಳನ್ನು ಒದಗಿಸುವ ಮೊದಲ ನೆರವಿನ ಅವಧಿ ಹೆಚ್ಚೆಂದರೆ 90 ದಿನಗಳು. ಕರೆತಂದ ವಿಮಾನದ ವೆಚ್ಚವೂ ಸಾಲವೇ. ಬಡ್ಡಿಯಿಲ್ಲದಿದ್ದರೂ ಆರು ತಿಂಗಳಾಗುತ್ತಲೆ ತೀರಿಸತೊಡಗಬೇಕಾದ ಸಾಲ. ದುಡಿಯುವ ಹಕ್ಕೇ ಇಲ್ಲದೆ ಶಿಬಿರದಲ್ಲಿ ಯೌವನವನ್ನು ಕಳೆದವನಿಗೆ ಮೂರು ತಿಂಗಳೊಳಗೆ ನಿನ್ನ ಕಾಲಮೇಲೆ ನಿಲ್ಲೆಂದು ಹೇಳುವ ಈ ವ್ಯವಸ್ಥೆಯಲ್ಲಿ ಕ್ರೌರ್ಯವಿಲ್ಲದಿರಬಹುದು, ಆತುರವಂತೂ ಇದೆ.

ಕೆಲಸ ಸಿಗದೆಂದಲ್ಲ. ಮಾಂಸದ ಕಾರ್ಖಾನೆ, ಉಗ್ರಾಣ, ಹೋಟೆಲು, ವೃದ್ಧಾಶ್ರಮ, ಎಲ್ಲೆಲ್ಲಿಯೂ ಆಳು ಬೇಕು. ಆದರೆ ನಗರದ ಉದ್ಯೋಗಗಳು ಹೊರವಲಯಕ್ಕೆ ಸರಿದುಹೋದುದರಿಂದ ಒಳಗಿನ ಬಡವನು ಕೆಲಸದಿಂದ ದೂರವಾದನೆಂದು ಜಾನ್ ಕೇನ್ ಎಂಬ ಅರ್ಥಶಾಸ್ತ್ರಜ್ಞನು 1968ರಷ್ಟು ಹಿಂದೆಯೇ ಪ್ರತಿಪಾದಿಸಿದ್ದನು. 100 ಮಹಾನಗರ ಪ್ರದೇಶಗಳನ್ನು ಕುರಿತು ಬ್ರೂಕಿಂಗ್ಸ್ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಬಸ್ಸು ರೈಲುಗಳನ್ನೇ ನಂಬಿದವನು 90 ನಿಮಿಷಗಳಲ್ಲಿ ತಲಪಬಹುದಾದ ಕೆಲಸಗಳು ಒಟ್ಟಿನಲ್ಲಿ ಶೇಕಡಾ 30ರಷ್ಟು ಮಾತ್ರವೆಂದು ತೋರಿಸಿತು. ನ್ಯೂಯಾರ್ಕ್ ರಾಜ್ಯದ ಯೂಟಿಕ ನಗರದ ನಿರಾಶ್ರಿತರನ್ನು ತನ್ನ ಮೊಸರಿನ ಕಾರ್ಖಾನೆಗೆ ತೆಗೆದುಕೊಳ್ಳಬಯಸಿದ ಚೊಬಾನಿಯ ಸ್ಥಾಪಕ ಹಮ್ದಿ ಉಲುಕಾಯ ಮಾಡಿದ ಏರ್ಪಾಡೇನು? ದುಭಾಷಿಗಳನ್ನು ಗೊತ್ತುಮಾಡಿದನು, ಬಸ್ಸುಗಳನ್ನು ಕಳುಹಿಸಿದನು. ಮಾತಿನ ದೂರ, ದಾರಿಯ ದೂರ, ಇವೆರಡು ತೊಲಗಿದೊಡನೆ ಅವರು ದುಡಿಮೆಗಾರರಾದರು.

ಎಲ್ಲ ಧಣಿಗಳೂ ಬಸ್ಸು ಕಳುಹಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಆರಂಭವಾಗುವ ಪಾಳಿಗೆ ಹೋಗಬೇಕಾದವನಿಗೆ ಒಂಬತ್ತಕ್ಕೆ ನಿಂತುಹೋಗುವ ಬಸ್ಸಿನಿಂದ ಏನು ಪ್ರಯೋಜನ? ತಾಯಿಯಾದವಳ ಪಾಡು ಇನ್ನೂ ಕಠಿನ. ಕೂಸನ್ನು ಬಿಡುವ ಶಿಶುವಿಹಾರ ಒಂದು ದಿಕ್ಕಿಗೆ, ಕೆಲಸದ ಸ್ಥಳ ಇನ್ನೊಂದು ದಿಕ್ಕಿಗೆ, ಇಂಗ್ಲಿಷ್ ಪಾಠ ಮತ್ತೊಂದು ದಿಕ್ಕಿಗೆ, ಅತ್ತೆಯವರ ವೈದ್ಯರು ಇವೆಲ್ಲಕ್ಕಿಂತ ಆಚೆಗೆ. ಮೊಣಕಾಲುದ್ದ ಹಿಮ ಬಿದ್ದಿರುವ ಬೆಳಗಿನಲ್ಲಿ ಬಸ್ಸಿಗಾಗಿ ಕಾದು ಕಾದು ಹೋಗುವ ಆ ಹೊತ್ತು ಅವಳ ಸಂಬಳದಲ್ಲಿಯಾಗಲಿ ನಿದ್ದೆಯಲ್ಲಿಯಾಗಲಿ ಮರಳಿ ಬರುವುದಿಲ್ಲ. ಅವಳಿಗೆ ಕಾರು ಐಶ್ವರ್ಯದ ಲಾಂಛನವಲ್ಲ. ದಿನದಲ್ಲಿ ಮೂರು ಗಂಟೆಗಳನ್ನು ಉಳಿಸಿಕೊಡುವ ಉಪಕರಣ, ರೈತನಿಗೆ ಎತ್ತು ಇದ್ದಂತೆ.

ಇಲ್ಲಿ ಒಂದು ಆಕ್ಷೇಪವನ್ನು ಗಂಭೀರವಾಗಿ ಪರಿಗಣಿಸಬೇಕು: ತನಗೆ ಬೇಡವಾದುದನ್ನು ಕೊಡುವುದು ದಾನವೇ? ಕಠೋಪನಿಷತ್ತಿನ ನಚಿಕೇತನನ್ನು ಕಳವಳಗೊಳಿಸಿದುದು ಈ ಸಂದೇಹವೇ. ಸರ್ವಸ್ವವನ್ನೂ ಕೊಡುವೆನೆಂದು ಯಜ್ಞಕ್ಕೆ ತೊಡಗಿದ ತಂದೆಯು ಹಾಲು ಬತ್ತಿದ ಮುದಿಹಸುಗಳನ್ನು ದಕ್ಷಿಣೆಯಾಗಿ ಹೊಡೆದಟ್ಟಿದುದನ್ನು ಆ ಬಾಲಕನು ಸಹಿಸಲಾರದೆ ಹೋದನು. ಅಮೆರಿಕದ ವಾಹನದಾನದಲ್ಲಿಯೂ ಈ ದೋಷವು ಧಾರಾಳವಾಗಿತ್ತು. ಗುಜರಿಗೆ ಹೋಗಬೇಕಾದ ಕಾರನ್ನು ಧರ್ಮಸಂಸ್ಥೆಗೆ ತಳ್ಳಿ, ಅದಕ್ಕೆ ದೊಡ್ಡ ಬೆಲೆ ಕಟ್ಟಿ, ತೆರಿಗೆಯಲ್ಲಿ ವಿನಾಯಿತಿ ಪಡೆಯುವುದು ರೂಢಿಯಾಗಿತ್ತು. ಸರ್ಕಾರದ ಲೆಕ್ಕಪರಿಶೋಧನೆಯ ಕಚೇರಿಯು 2003ರಲ್ಲಿ 54 ದಾನಗಳ ಜಾಡು ಹಿಡಿದು ನೋಡಿದಾಗ, ಅವುಗಳಲ್ಲಿ ಸುಮಾರು ಮೂರರಲ್ಲೆರಡು ಪಾಲಿನಲ್ಲಿ, ದಾನಿಯು ಹೇಳಿಕೊಂಡ ಬೆಲೆಯ ಶೇಕಡಾ 5ಕ್ಕಿಂತ ಹೆಚ್ಚು ಸಂಸ್ಥೆಯ ಕೈಗೆ ಮಿಕ್ಕಿರಲಿಲ್ಲ. 2005ರಿಂದ ಜಾರಿಗೆ ಬಂದ ತಿದ್ದುಪಡಿಯು ಇದಕ್ಕೆ ಕಡಿವಾಣ ಹಾಕಿತು. ಸಾಮಾನ್ಯವಾಗಿ ಕಾರು ಹರಾಜಿನಲ್ಲಿ ತಂದಷ್ಟೇ ಹಣಕ್ಕೆ ವಿನಾಯಿತಿ. ಆದರೆ ಸಂಸ್ಥೆಯು ಅದನ್ನು ಬಡವನೊಬ್ಬನಿಗೆ ಬಿಟ್ಟಿಯಾಗಿಯೋ ಅತ್ಯಲ್ಪ ಬೆಲೆಗೋ ಕೊಟ್ಟರೆ ಪೂರ್ತಿ ಮಾರುಕಟ್ಟೆಯ ಬೆಲೆಗೇ ವಿನಾಯಿತಿ ದೊರೆಯುತ್ತದೆ. ತೆರಿಗೆಯ ಕಾನೂನಿನಲ್ಲಿ ಇಷ್ಟು ವಿವೇಕವಿರುವುದನ್ನು ಕಂಡು ನನಗೆ ಸಂತೋಷವಾಯಿತು.

ಹಳೆಯ ಕಾರನ್ನು ಕೊಟ್ಟಮಾತ್ರಕ್ಕೆ ದಾನವು ಪೂರ್ಣವಾಗದೆಂಬುದನ್ನು ಅರಿತವರೂ ಅಲ್ಲಿದ್ದಾರೆ. ಹಾಲ್ ಕೋಲ್ಸ್ಟನ್ ಎಂಬಾತನು 1996ರಲ್ಲಿ ಬರ್ಲಿಂಗ್ಟನ್ನಿನಲ್ಲಿ ಸ್ಥಾಪಿಸಿದ ಗುಡ್ ನ್ಯೂಸ್ ಗ್ಯಾರೇಜ್ ದಾನವಾಗಿ ಬಂದ ಕಾರುಗಳನ್ನು ಪರೀಕ್ಷಿಸಿ, ರಿಪೇರಿ ಮಾಡಿ, ಆ ಮೇಲೆ ದುಡಿಮೆಗಾಗಿ ವಾಹನ ಬೇಕಾದ ಬಡ ಸಂಸಾರಗಳಿಗೆ ಕೊಡುತ್ತದೆ. ನಿರಾಶ್ರಿತರಿಗೆಂದೇ ಹುಟ್ಟಿದ ಸಂಸ್ಥೆಯಲ್ಲದಿದ್ದರೂ ಇದರ ಕ್ರಮವು ಅವರಿಗೂ ಒಪ್ಪುವಂಥದು. ಏಕೆಂದರೆ ತಿಂಗಳೊಳಗೆ ಗೇರ್‌ಬಾಕ್ಸು ಕೆಟ್ಟು ನಿಲ್ಲುವ ಕಾರು ಉಪಕಾರವಾಗದೆ ಋಣವಾಗುತ್ತದೆ. ವಿಮೆ, ನೋಂದಣಿ, ಪೆಟ್ರೋಲು, ಇವುಗಳ ಜೊತೆಗೆ, ಆಯುಷ್ಯದಲ್ಲಿ ಸ್ಟಿಯರಿಂಗನ್ನು ಮುಟ್ಟಿರದವನಿಗೆ ಚಾಲನೆಯ ಶಿಕ್ಷಣ ಮತ್ತು ಲೈಸೆನ್ಸು: ಇಷ್ಟೂ ಸೇರಿದರೆ ಮಾತ್ರ ಕೊಟ್ಟದ್ದು ಒಂದು ಕಾರು. ಕೆಲವೆಡೆ ಅಲ್ಪ ಬೆಲೆಯನ್ನು ಕಂತಿನಲ್ಲಿ ಪಡೆಯುವುದುಂಟು. ತೆಗೆದುಕೊಳ್ಳುವವನ ಸ್ವಾಭಿಮಾನಕ್ಕೆ ಅದು ಹಿತವಾದರೂ, ವಿಮಾನದ ಸಾಲವನ್ನು ಹೊತ್ತ ಮೊದಲ ವರ್ಷದಲ್ಲಿ ಮತ್ತೊಂದು ಕಂತನ್ನು ಹೊರಿಸಬಾರದೆಂದು ನನ್ನ ಅಭಿಪ್ರಾಯ.

ಒಳ್ಳೆಯ ಬಸ್ಸು ರೈಲುಗಳೇ ಇದಕ್ಕೆ ಸರಿಯಾದ ಪರಿಹಾರವೆಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಹಳಿಗಳನ್ನು ಹಾಕುವುದಕ್ಕೆ ದಶಕಗಳು ಬೇಕು. ಬಾಡಿಗೆ ಬರುವ ಒಂದನೆಯ ತಾರೀಖಿಗೇ ಕೊಡತಕ್ಕದ್ದು.

2025ರ ಜನವರಿಯಲ್ಲಿ ಅಮೆರಿಕದ ಸರ್ಕಾರವು ನಿರಾಶ್ರಿತರ ಆಗಮನವನ್ನೇ ನಿಲ್ಲಿಸಿತು. ಅದಕ್ಕೆ ಮೊದಲು ಬಂದವರು ಅಲ್ಲಿಯೇ ಇದ್ದಾರೆ; ಅವರ ಪಾಳಿಗಳು ನಿಂತಿಲ್ಲ, ವರ್ಮಾಂಟಿನ ಚಳಿಯೂ ನಿಂತಿಲ್ಲ. ಆ ದೇಶದಲ್ಲಿ ಮನೆಗೆ ಎರಡು ಮೂರು ಕಾರುಗಳನ್ನಿಟ್ಟುಕೊಂಡಿರುವ ಕನ್ನಡಿಗರೂ ಇದ್ದಾರಷ್ಟೆ. ಹೊಸದನ್ನು ಕೊಳ್ಳುವಾಗ ಹಳೆಯದರ ಕೀಲಿಕೈಯನ್ನು ಯಾವುದಾದರೊಂದು ಗ್ಯಾರೇಜಿಗೆ ಒಪ್ಪಿಸುವ ಮುನ್ನ ಅವರು ಒಮ್ಮೆ ಕುಳಿತು ನೋಡಲಿ: ಹೀಟರು ಕೆಲಸಮಾಡುತ್ತದೆಯೆ, ಹಿಮದಲ್ಲಿ ಜಾರದ ಟೈರುಗಳಿವೆಯೆ, ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿ ಬಿಗಿಯುವ ಪಟ್ಟಿ ಸರಿಯಾಗಿ ಕೂಡಿಕೊಳ್ಳುತ್ತದೆಯೆ ಎಂದು.