ರಸ್ತೆಗೂ ಒಂದು ತಕ್ಕಡಿ ಬೇಕು

ಬ್ಯಾಡಗಿ ಮಾರುಕಟ್ಟೆಗೆ ಒಣಮೆಣಸಿನಕಾಯಿ ಒಯ್ದರೆ ಖರೀದಿದಾರರು ಚೀಲಕ್ಕೆ ಕೈ ಹಾಕಿ ತೇವ ನೋಡ್ತಾರೆ, ಬಣ್ಣ ನೋಡ್ತಾರೆ. ಬಿಳಿ ಕಾಯಿ ಕಂಡರೆ ದರ ಇಳಿಸ್ತಾರೆ. ನಾವು ಗೊಣಗಿದರೂ ಅದು ನ್ಯಾಯವೇ. ಆದರೆ ರಾಯದುರ್ಗದ ಕಡೆಯಿಂದ ಚಿತ್ರದುರ್ಗ, ದಾವಣಗೆರೆ ಹಾದು ಆ ಮಾಲು ಹೋಗುವ ಹೆದ್ದಾರಿಯ ಗುಣ ನೋಡಿ ದರ ಇಳಿಸುವವರು ಯಾರು?

ಅದೇ ದಾರಿಯ ಹೆಬ್ಬಾಳು, ಚಳಗೇರಿ ಟೋಲ್‌ಗಳ ಹೆಸರು 2023ರ ಸಿಎಜಿ ವರದಿಯಲ್ಲಿದೆ. ಚತುಷ್ಪಥವನ್ನು ಷಟ್ಪಥ ಮಾಡುವ ಕೆಲಸ ಗಡುವು ಮೀರಿದರೆ, ತಡವಾದ ಅವಧಿಗೆ ಶುಲ್ಕ ಪಡೆಯಬಾರದೆಂಬುದು ನಿಯಮ. ಆದರೂ ಇವೆರಡು ಹಾಗೂ ಆಂಧ್ರದ ನಾಥವಲಸ ಸೇರಿ ಮೂರು ಕಡೆ ಹೆದ್ದಾರಿ ಪ್ರಾಧಿಕಾರ 124.18 ಕೋಟಿ ರೂಪಾಯಿ ವಸೂಲಿ ಮಾಡಿತೆಂದು ವರದಿ ಹೇಳಿತು. ನಿಯಮ ಕಾಗದದಲ್ಲಿತ್ತು, ದುಡ್ಡು ಕೊಡುವವರಿಗೆ ಕಾಣಲಿಲ್ಲ.

ಖಾಸಗಿ ಪಾಲುದಾರರ ಮಾತೂ ಹೀಗೇ. 2016ರಲ್ಲಿ ಕೇಂದ್ರ ಒಪ್ಪಿದ ಹೈಬ್ರಿಡ್ ಆನ್ಯುಟಿ ಪದ್ಧತಿಯಲ್ಲಿ, ಕಟ್ಟುವಾಗ ಸರ್ಕಾರ ನೂರಕ್ಕೆ 40 ಪಾಲು ಕೊಡುತ್ತದೆ. ಉಳಿದ 60 ಪಾಲು, ಆರು ತಿಂಗಳಿಗೊಂದು ಕಂತಿನಂತೆ 15 ವರ್ಷ. ಗಾಡಿ ಎಷ್ಟು ಓಡಿದರೂ ಕಂತು ಬರುತ್ತದೆ. ಹಾಗಾಗಿ ಅವರನ್ನು ಅಳೆಯಬೇಕಾದ್ದು ಟೋಲ್ ಗಳಿಕೆಯಿಂದಲ್ಲ, ನಿರ್ವಹಣೆಯಿಂದ: ಗುಂಡಿ ಎಷ್ಟು ದಿನಕ್ಕೆ ಮುಚ್ಚಿತು, ಅಪಘಾತದ ತಿರುವು ಸರಿಯಾಯ್ತಾ, ದೀಪ ಉರೀತಿದೆಯಾ. ಕರಾರಿನಲ್ಲಿ ದುರಸ್ತಿಗೆ ಗಡುವಿದೆ, ತಪ್ಪಿದರೆ ಕಡಿತವೂ ಇದೆ.

ಟೋಲ್ ಫಲಕದಲ್ಲಿ ನಮ್ಮಿಂದ ಪಡೆಯುವ ದರ ಬರೀತಾರೆ. ಪಕ್ಕದಲ್ಲೇ ಪಾಲುದಾರರ ಕಂತಿನಲ್ಲಿ ಎಷ್ಟು ಕಡಿತವಾಯ್ತು, ಯಾಕೆ ಎಂಬುದನ್ನೂ ಬರೆಯಲಿ. ಗಡಿಯಲ್ಲಿ ಕನ್ನಡದಲ್ಲೂ ತೆಲುಗಲ್ಲೂ. ಲೆಕ್ಕ ಅನ್ನೋ ಮಾತು ಎರಡೂ ಭಾಷೆಗೆ ಒಂದೇ.