ಹಾಲು ಅನ್ನ ಹಾಕಿದ್ದು ಅಜ್ಜಿ, ಬೆಕ್ಕನ್ನು ಸಾಕಿದ್ದು ಇಲಿ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಇಲಿ ಕಾಟ ಹೆಚ್ಚಾಯಿತೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಟ್ಟ, ಅದರ ಹಾಲಿಗೆಂದು ಒಂದು ಹಸುವನ್ನೂ ಕೊಟ್ಟ. ರಾಮಕೃಷ್ಣ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟ. ಆಮೇಲೆ ಅದು ಹಾಲು ಕಂಡರೆ ಓಡತೊಡಗಿತು, ಬಡಕಲಾಯಿತು. ಕಥೆ ಕೇಳಿ ನಕ್ಕಿದ್ದೇವೆ. ಜೊತೆಗೆ ಒಂದು ನಂಬಿಕೆಯನ್ನೂ ತಲೆಗೆ ಹಾಕಿಕೊಂಡಿದ್ದೇವೆ: ಬೆಕ್ಕಿನ ಊಟ ಎಂದರೆ ಹಾಲು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆಯೂ ಅದನ್ನೇ ಗಟ್ಟಿ ಮಾಡಿದೆ.

ಈ ನಂಬಿಕೆ ಬೆಳೆಯುವ ಮರಿಗಳ ಪ್ರಾಣಕ್ಕೆ ಕುತ್ತು ತರುತ್ತಿದೆ ಎಂದು ಹೇಳಲು ಈ ಲೇಖನ.

"ನಮ್ಮಜ್ಜಿ ಹಾಲು ಅನ್ನ ಹಾಕಿಯೇ ಹತ್ತಾರು ಬೆಕ್ಕು ಸಾಕಿದರು, ಯಾವುದಕ್ಕೂ ಏನೂ ಆಗಲಿಲ್ಲ" ಎಂದು ನೀವು ಹೇಳಬಹುದು. ಅಜ್ಜಿ ಹೇಳಿದ್ದು ಸುಳ್ಳಲ್ಲ. ಆದರೆ ಅಜ್ಜಿಯ ಮನೆಯಲ್ಲಿ ರಾಗಿ ಕಣಜವಿತ್ತು, ಅಟ್ಟವಿತ್ತು, ಕೊಟ್ಟಿಗೆ, ಹುಲ್ಲಿನ ಮೆದೆ ಇದ್ದವು. ಬೆಕ್ಕು ರಾತ್ರಿಯೆಲ್ಲ ಇಲಿ, ಹಲ್ಲಿ, ಓತಿಕ್ಯಾತ, ಮಿಡತೆ ಹಿಡಿದು ತಿನ್ನುತ್ತಿತ್ತು. ತಾಯಿ ಬೆಕ್ಕು ಮರಿಗಳಿಗೂ ತಂದು ಕೊಡುತ್ತಿತ್ತು. ಅದರ ಹೊಟ್ಟೆ ತುಂಬುತ್ತಿದ್ದದ್ದು ಅಲ್ಲಿ. ಅಜ್ಜಿಯ ತಟ್ಟೆಯ ಹಾಲು ಅನ್ನ ಮೇಲಿನ ತಿಂಡಿ, ಅಷ್ಟೆ.

ಈಗ ಅದೇ ಮರಿಯನ್ನು ಮೈಸೂರಿಗೆ ಕಳಿಸುತ್ತೇವೆ. ನಂಜನಗೂಡು, ಹುಣಸೂರು, ಎಚ್.ಡಿ. ಕೋಟೆ ಕಡೆಯಿಂದ ಹೋಗಿ ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಮಕ್ಕಳು ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಅದನ್ನು ಸಾಕುತ್ತಾರೆ. ಅಲ್ಲಿ ಅಟ್ಟವೂ ಇಲ್ಲ, ಇಲಿಯೂ ಇಲ್ಲ. ಪ್ಯಾಕೆಟ್ ಹಾಲು, ಅನ್ನ, ಕೆಲವೊಮ್ಮೆ ಬಿಸ್ಕತ್ತು. ಮೇಲಿನ ತಿಂಡಿಯೇ ಪೂರ್ತಿ ಊಟವಾಗಿಬಿಡುತ್ತದೆ. ಊರಿನಲ್ಲೂ ಕಥೆ ಬದಲಾಗಿದೆ. ಆರ್‌ಸಿಸಿ ಮನೆ ಬಂತು, ಕಣಜ ಹೋಯಿತು. ಇಲಿಗೆ ಪಾಷಾಣ ಇಡುತ್ತೇವೆ, ಆ ಇಲಿ ತಿಂದ ಬೆಕ್ಕೂ ಸಾಯಬಹುದು.

ಮೈಸೂರಿನ ಮೃಗಾಲಯ 1892ರಿಂದ ಇದೆ. ಅಲ್ಲಿ ಹುಲಿಗೆ ಯಾರಾದರೂ ಹಾಲು ಅನ್ನ ಕಲಸಿ ಇಟ್ಟದ್ದುಂಟೇ? ಬೆಕ್ಕು ಅದೇ ಜಾತಿಯ ಪ್ರಾಣಿ. ನಾಯಿ ಮುದ್ದೆ, ಅನ್ನದ ಜೊತೆ ಹೇಗೋ ಹೊಂದಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಅದು ಆಗದು. ಟಾರಿನ್ ಎಂಬ ಒಂದು ಅಂಶ ಬೆಕ್ಕಿಗೆ ಆಹಾರದಿಂದಲೇ ಸಿಗಬೇಕು. ಅದು ಮಾಂಸ, ಮೀನಿನಲ್ಲಿದೆ. ಅಕ್ಕಿ, ರಾಗಿ, ಬೇಳೆ, ತರಕಾರಿಯಲ್ಲಿ ಇಲ್ಲ. ತಿಂಗಳುಗಟ್ಟಲೆ ಟಾರಿನ್ ಸಿಗದ ಬೆಕ್ಕಿಗೆ ಕಣ್ಣು ಕುರುಡಾಗಬಹುದು, ಹೃದಯ ಹಿಗ್ಗಿ ಸೋಲಬಹುದು. ಕ್ಯಾರೆಟ್ಟಿನಿಂದ ನಾವು ಪಡೆಯುವ ವಿಟಮಿನ್ ಎ ಕೂಡ ಬೆಕ್ಕಿಗೆ ಹಾಗೆ ದಕ್ಕುವುದಿಲ್ಲ, ಅದನ್ನೂ ಮಾಂಸದಿಂದಲೇ ಪಡೆಯಬೇಕು.

ಇನ್ನು ಹಸುವಿನ ಹಾಲು. ತಾಯಿ ಹಾಲು ಬಿಟ್ಟ ಮೇಲೆ ಮರಿಯ ಹೊಟ್ಟೆಯಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಇಳಿಯುತ್ತಾ ಹೋಗುತ್ತದೆ. ಒಂದೆರಡು ಚಮಚ ತಡೆದುಕೊಳ್ಳುವ ಬೆಕ್ಕುಗಳಿವೆ. ಹೆಚ್ಚಾದರೆ ಭೇದಿ. ದೊಡ್ಡ ಬೆಕ್ಕು ಭೇದಿಯಿಂದ ಚೇತರಿಸಿಕೊಳ್ಳುತ್ತದೆ, ಅರ್ಧ ಕೆಜಿ ತೂಗುವ ಮರಿ ಒಂದೆರಡು ದಿನದಲ್ಲೇ ನೀರಿನಂಶ ಕಳೆದುಕೊಂಡು ಸಾಯಬಹುದು. ನಾವು "ದೃಷ್ಟಿಯಾಯಿತು" ಎನ್ನುತ್ತೇವೆ.

ಒಂದು ಜೀವದ ಹಾಲು ಇನ್ನೊಂದು ಜೀವದ ಮರಿಗೆ ಹಾಗೇ ಒಗ್ಗುವುದಿಲ್ಲ ಎಂಬ ಪಾಠ ಮೈಸೂರಿಗೆ ಹೊಸದಲ್ಲ. ಎಮ್ಮೆ ಹಾಲನ್ನು ಮನುಷ್ಯರ ಶಿಶುವಿಗೆ ಹೊಂದುವಂತೆ ಮಾರ್ಪಡಿಸಿ ಪುಡಿ ಮಾಡುವ ವಿಧಾನ ರೂಪಿಸಿದ್ದು ಇಲ್ಲಿನ ಸಿಎಫ್‌ಟಿಆರ್‌ಐ. ಅದನ್ನು ತಯಾರಿಸಿ ಮನೆ ಮನೆಗೆ ಮುಟ್ಟಿಸಿದ್ದು ಅಮುಲ್. ನಮ್ಮ ಮಗುವಿಗೆ ಇಷ್ಟು ಯೋಚಿಸಿದವರು ಬೆಕ್ಕಿನ ಮರಿಗೂ ಸ್ವಲ್ಪ ಯೋಚಿಸಬಹುದು.

ಹಾಗಾದರೆ ಏನು ಕೊಡಬೇಕು?

ಮೊದಲನೆಯದು, ತಾಯಿಯ ಹಾಲು. ನಾಲ್ಕು ವಾರಕ್ಕೆ ಮರಿ ಮೆತ್ತಗಿನ ಆಹಾರ ನೆಕ್ಕಲು ಶುರು ಮಾಡುತ್ತದೆ, ಎಂಟು ವಾರದ ಹೊತ್ತಿಗೆ ತಾಯಿ ಹಾಲು ಬಿಡುತ್ತದೆ. ಅಲ್ಲಿಯವರೆಗೆ ಅದನ್ನು ತಾಯಿಯಿಂದ ಬೇರೆ ಮಾಡಬೇಡಿ. ತಾಯಿ ಸತ್ತುಹೋಗಿದ್ದರೆ ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ.

ಎರಡನೆಯದು, ಮನೆಯಲ್ಲಿ ಕೋಳಿ, ಮೀನು ಬೇಯಿಸುವವರಿಗೆ ದಾರಿ ಸುಲಭ. ಮಸಾಲೆ, ಉಪ್ಪು ಹಾಕುವ ಮುಂಚೆ ಒಂದಿಷ್ಟು ತುಂಡು ತೆಗೆದಿಡಿ. ಬೇಯಿಸಿ, ಮೂಳೆ ಮುಳ್ಳು ತೆಗೆದು, ಬೇಯಿಸಿದ ನೀರಿನ ಜೊತೆಗೇ ಕೊಡಿ, ಏಕೆಂದರೆ ಟಾರಿನ್ ಆ ನೀರಿಗೆ ಇಳಿದಿರುತ್ತದೆ. ಕೋಳಿಯ ಗುಂಡಿಗೆ ತುಂಬಾ ಒಳ್ಳೆಯದು. ಲಿವರ್ ವಾರಕ್ಕೊಮ್ಮೆ ಚೂರು ಸಾಕು. ಬೇಯಿಸಿದ ಮೊಟ್ಟೆಯೂ ಆಗುತ್ತದೆ. ಸಾರಿನ ತುಂಡು ಬೇಡ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನು ಕೆಡಿಸುತ್ತವೆ. ಬೆಂದ ಮೂಳೆ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ.

ಆದರೆ ಬರೀ ಮಾಂಸವೂ ಸಾಲದು. ಅದರಲ್ಲಿ ಸುಣ್ಣದ ಅಂಶ ಕಡಿಮೆ. ಕಾಡಿನ ಬೆಕ್ಕು ಇಲಿಯನ್ನು ಮೂಳೆ ಸಮೇತ ತಿನ್ನುತ್ತದೆ, ನಾವು ಮೂಳೆ ತೆಗೆದು ಕೊಡುತ್ತೇವೆ. ಹಾಗೆ ಬೆಳೆದ ಮರಿಯ ಮೂಳೆ ಎಷ್ಟು ಮೆದುವಾಗುತ್ತದೆಂದರೆ ಮಂಚದಿಂದ ನೆಗೆದರೂ ಮುರಿಯಬಹುದು. ಅದಕ್ಕೇ ಪಶುವೈದ್ಯರನ್ನು ಕೇಳಿ ಕ್ಯಾಲ್ಸಿಯಂ ಕೊಡಿ, ಇಲ್ಲವೇ ಅರ್ಧ ಊಟವನ್ನಾದರೂ ಪ್ಯಾಕೆಟ್ ಆಹಾರದಿಂದ ತುಂಬಿ.

ಮೂರನೆಯದು, ಪ್ಯಾಕೆಟ್. ಚಿತ್ರ ನೋಡಿ ಕೊಳ್ಳಬೇಡಿ, ಹಿಂಬದಿ ಓದಿ. "ಕಿಟನ್" ಎಂದಿರಬೇಕು, "ಕಂಪ್ಲೀಟ್" ಎಂದಿರಬೇಕು, ಟಾರಿನ್ ಹೆಸರಿರಬೇಕು. ಒಣ ಕಾಳಿನಲ್ಲಿ ಪ್ರೋಟೀನ್ 30 ಶೇಕಡಾ ಅಥವಾ ಹೆಚ್ಚಿರಲಿ. ಗ್ರೇವಿ ಪೌಚಿನಲ್ಲಿ ಹತ್ತರ ಆಸುಪಾಸು ಎಂದಿದ್ದರೆ ಗಾಬರಿ ಬೇಡ, ಅದರಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಬಿಡಿಯಾಗಿ ತೂಗಿ ಕೊಡುವ ಕಾಳು ಬೇಡ, ಯಾವ ಕಂಪನಿ, ಯಾವ ತಾರೀಖು ತಿಳಿಯುವುದಿಲ್ಲ. ನಾಯಿಯ ಕಾಳು ಅಗ್ಗವೆಂದು ಅದನ್ನು ಹಾಕಬೇಡಿ, ನಾಯಿಗೆ ಬೇಕಾದ್ದೇ ಬೇರೆ. ಪಕ್ಕದಲ್ಲಿ ಯಾವಾಗಲೂ ಶುದ್ಧ ನೀರಿರಲಿ.

ಪ್ಯಾಕೆಟ್ ಎಂದರೆ ದೇವರ ಪ್ರಸಾದ ಎಂದೂ ನಾನು ಹೇಳುವುದಿಲ್ಲ. 1987ರಲ್ಲಿ ಅಮೆರಿಕದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು, ಅಂಗಡಿಯ ಆಹಾರ ತಿಂದ ಬೆಕ್ಕುಗಳಿಗೂ ಟಾರಿನ್ ಕೊರತೆಯಿಂದ ಹೃದಯ ರೋಗ ಬರುತ್ತಿದೆ ಎಂದು ತೋರಿಸಿಕೊಟ್ಟರು. ಆಮೇಲೆ ಕಂಪನಿಗಳು ಟಾರಿನ್ ಹೆಚ್ಚಿಸಿದವು. ಪ್ರಶ್ನೆ ಕೇಳುವವರಿದ್ದರೆ ಕಂಪನಿಯೂ ತಿದ್ದಿಕೊಳ್ಳುತ್ತದೆ.

ದುಡ್ಡಿನ ಮಾತು ಬಂದೇ ಬರುತ್ತದೆ. ಒಂದು ಕೆಜಿ ತೂಗುವ ಮರಿಗೆ ದಿನಕ್ಕೆ ಬೇಕಾಗುವುದು ಸುಮಾರು 200 ಕ್ಯಾಲೊರಿ, ಅಂದರೆ ಒಣ ಕಾಳಾದರೆ ಸುಮಾರು 50 ಗ್ರಾಂ. ಅದನ್ನೇ ಮೂರು ನಾಲ್ಕು ಸಲ ಹಂಚಿ ಹಾಕಬೇಕು, ಅದರ ಹೊಟ್ಟೆ ಚಿಕ್ಕದು. ಇದು ಕೈಗೆ ಮೀರಿದ ಖರ್ಚಲ್ಲ. ನಾಲ್ಕು ಮರಿ ತಂದು ಹಾಲು ಅನ್ನ ಹಾಕುವ ಬದಲು ಒಂದನ್ನು ತಂದು ಸರಿಯಾಗಿ ಸಾಕಿ. "ಚೆನ್ನಾಗಿ ತಿಂದರೆ ಇಲಿ ಹಿಡಿಯುವುದಿಲ್ಲ" ಎಂಬ ಭಯವೂ ಬೇಡ. ಇಲಿ ಹಿಡಿಯುವುದು ಬೆಕ್ಕಿನ ಹುಟ್ಟುಗುಣ, ಹೊಟ್ಟೆ ತುಂಬಿದ್ದರೂ ಹಿಡಿಯುತ್ತದೆ. ಬಡಕಲು ಬೆಕ್ಕಿಗೆ ಓಡುವ ಶಕ್ತಿಯೇ ಇರುವುದಿಲ್ಲ.

ಮಾಂಸ ತಿನ್ನದ ಮನೆಯವರಿಗೆ ಒಂದು ಮಾತು. ನಿಮ್ಮ ಆಚಾರಕ್ಕೆ ನನ್ನ ಗೌರವವಿದೆ. ಆದರೆ ಅದನ್ನು ಬೆಕ್ಕಿನ ಮೇಲೆ ಹೇರಬೇಡಿ. ಅಡುಗೆಮನೆಗೆ ತರದೆ ಹಿತ್ತಿಲಲ್ಲಿ ಪ್ಯಾಕೆಟ್ ಆಹಾರ ಹಾಕಲು ಮನಸ್ಸು ಒಪ್ಪಿದರೆ ಸಾಕಿ. ಅದೂ ಒಪ್ಪದಿದ್ದರೆ ಬೆಕ್ಕು ಬೇಡ, ಮೊಲ ಸಾಕಿ, ಕರು ಸಾಕಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ 1960ರಿಂದ ಇದೆ. ಸಾಕಿದವರು ಪ್ರಾಣಿಗೆ ಸಾಕಷ್ಟು ಆಹಾರ, ನೀರು ಕೊಡದಿದ್ದರೆ ಅದು ಅಪರಾಧ ಎನ್ನುತ್ತದೆ ಆ ಕಾನೂನು. ಬೆಕ್ಕಿಗೆ ಅನ್ನವನ್ನಷ್ಟೇ ಹಾಕಿ "ಸಾಕಷ್ಟು ಕೊಟ್ಟೆ" ಎನ್ನುವುದು ನನ್ನ ಪ್ರಕಾರ ಸುಳ್ಳು ಲೆಕ್ಕ.

ಪಶು ಆಸ್ಪತ್ರೆ ಎಂದರೆ ದನ, ಕುರಿ, ಕೋಳಿಗೆ ಮಾತ್ರ ಎಂಬ ಭಾವನೆ ನಮ್ಮಲ್ಲಿದೆ. ಮರಿಯನ್ನೂ ಒಮ್ಮೆ ಒಯ್ಯಿರಿ, ಜಂತುಹುಳಕ್ಕೆ ಔಷಧಿ, ರೇಬೀಸ್ ಲಸಿಕೆ ಕೇಳಿ. ಹೊಟ್ಟೆ ತುಂಬಾ ಹುಳವಿದ್ದರೆ ಎಷ್ಟು ಒಳ್ಳೆಯ ಊಟ ಹಾಕಿದರೂ ಮೈಗೆ ಹತ್ತದು.

ಮುಂದಿನ ಸಲ ಮೈಸೂರಿಗೆ ಹೋಗುವ ಮಗನ ಚೀಲದಲ್ಲಿ ಮರಿ ಇಟ್ಟು ಕಳಿಸುವ ಮುಂಚೆ ಎರಡು ವಿಷಯ ನೋಡಿ: ಅದಕ್ಕೆ ಎಂಟು ವಾರ ತುಂಬಿದೆಯೇ? ಅಲ್ಲಿ ಏನು ಹಾಕಬೇಕೆಂದು ಅವನಿಗೆ ಗೊತ್ತಿದೆಯೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಕಳಿಸಿ.