ಕಪ್ಪು ಹಣ್ಣಿನ ಕಂಪು

ಶ್ರೀಗಂಧದ ಚಕ್ಕೆಯನ್ನು ಭಟ್ಟಿಯಿಳಿಸಿದರೆ ತೈಲ ದೊರೆಯುತ್ತದೆ. ಕಿತ್ತಳೆಯ ಸಿಪ್ಪೆಯನ್ನು ಮಡಿಸಿ ಹಿಂಡಿದರೂ ಸಾಕು, ಪರಿಮಳದ ಎಣ್ಣೆ ಚಿಮ್ಮುತ್ತದೆ. ಆದರೆ ಪೀಚ್, ಪ್ಲಮ್‌ಗಳಂಥ ತಿರುಳುಳ್ಳ ಹಣ್ಣುಗಳು ಹೀಗೆ ಸುಲಭವಾಗಿ ತಮ್ಮ ಕಂಪನ್ನು ಬಿಟ್ಟುಕೊಡುವುದಿಲ್ಲ. ಸೀಸೆಯೊಳಗಿಂದ ಅವುಗಳ ವಾಸನೆ ಬಂದಿತೆಂದರೆ ಅದು ಬಹುಮಟ್ಟಿಗೆ ರಸಾಯನಶಾಸ್ತ್ರದ ಕೈಚಳಕವೆಂದೇ ತಿಳಿಯಬೇಕು.

ಈ ಕೈಚಳಕಕ್ಕೆ ನೂರು ವರ್ಷ ಮೀರಿದ ಇತಿಹಾಸವುಂಟು. 1919ರಲ್ಲಿ ಪ್ಯಾರಿಸಿನ ಜಾಕ್ ಗೆರ್ಲ್ಯಾನ್ ತಮ್ಮ ‘ಮಿತ್ಸುಕೊ’ ಎಂಬ ಸುಗಂಧದಲ್ಲಿ ಪೀಚ್ ಹಣ್ಣಿನ ವಾಸನೆಯ ಲ್ಯಾಕ್ಟೋನ್ ಒಂದನ್ನು ಓಕ್ ಮರದ ಕಲ್ಲುಹೂವಿನ ಸಾರದೊಡನೆ ಬೆರೆಸಿದರು. ಈ ಕಲ್ಲುಹೂವು ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಕುಟುಂಬಕ್ಕೇ ಸೇರಿದ್ದು. ಹಣ್ಣಿನ ಮಾಧುರ್ಯಕ್ಕೆ ಕಾಡಿನ ನೆರಳು ಬಿದ್ದದ್ದು ಹೀಗೆ. 1944ರಲ್ಲಿ ಎಡ್ಮಂಡ್ ರುದ್‌ನಿತ್ಸ್ಕಾ ರಚಿಸಿದ ‘ಫಾಮ್’ ಆ ನೆರಳನ್ನು ಪ್ಲಮ್ ಹಣ್ಣಿನ ಮೇಲೆ ಚೆಲ್ಲಿತು. ಮುಂದೆ 1992ರಲ್ಲಿ ಸೆರ್ಜ್ ಲ್ಯುಟೆನ್ಸ್ ಅವರ ಕಲ್ಪನೆಯಂತೆ ಜಪಾನಿನ ಶಿಸೈಡೊ ಸಂಸ್ಥೆ ‘ಫೆಮಿನಿತೆ ದ್ಯು ಬ್ವಾ’ ಎಂಬುದನ್ನು ಹೊರತಂದಿತು. ‘ಮರದ ಸ್ತ್ರೀತ್ವ’ ಎಂದು ಅದರ ಅರ್ಥ. ಪುರುಷರ ಸುಗಂಧಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ದೇವದಾರು ಜಾತಿಯ ಮರದ ವಾಸನೆಯನ್ನು ಸ್ತ್ರೀಯರ ಸುಗಂಧದ ನಡುವಿಗೆ ತಂದು, ಅದಕ್ಕೆ ಕಪ್ಪು ಪ್ಲಮ್ಮಿನ ತಿರುಳನ್ನೂ ಮಸಾಲೆಗಳನ್ನೂ ಕೂಡಿಸಿದ್ದೇ ಅದರ ಹೊಸತನ.

ಇಂಥ ಸುಗಂಧವನ್ನು ಕಾಗದದ ಪಟ್ಟಿಯ ಮೇಲೆ ಮೂಸಿ ತೀರ್ಮಾನಿಸುವುದು ಮುಖಪುಟ ನೋಡಿ ಕಾದಂಬರಿಯನ್ನು ವಿಮರ್ಶಿಸಿದಂತೆ. ಮೈಮೇಲೆ ಹಚ್ಚಿದಾಗ ಮೊದಲು ಎದ್ದು ಬರುವುದು ಹಣ್ಣು: ಒಣದ್ರಾಕ್ಷಿಯ ಗಾಢ ಸಿಹಿ, ಅದರ ಬೆನ್ನಿಗೇ ನೇರಳೆಯನ್ನು ನೆನಪಿಸುವ ಒಗರು, ಲವಂಗ ದಾಲ್ಚಿನ್ನಿಗಳ ಬಿಸುಪು. ಬಳಿಕ ಹೂವುಗಳು ಮೆಲ್ಲನೆ ತಲೆಯೆತ್ತುತ್ತವೆ. ಕೆಲವು ಗಂಟೆಗಳ ತರುವಾಯ ಉಳಿಯುವುದು ಆಗತಾನೆ ಹೆರೆದ ಪೆನ್ಸಿಲನ್ನು ಹೋಲುವ ಮರದ ವಾಸನೆ.

ಇದಕ್ಕೆ ಕಾರಣ ಸರಳವಾದದ್ದು. ಹಗುರವಾದ ಅಣುಗಳು ಬೇಗನೆ ಆವಿಯಾಗಿ ಹಾರುತ್ತವೆ, ಭಾರವಾದವು ತಡವಾಗಿ. ನಿಂಬೆಯ ಕಂಪು ಸ್ವಲ್ಪ ಹೊತ್ತಿನಲ್ಲೇ ಕಣ್ಮರೆಯಾದರೆ, ಪೀಚಿನ ಲ್ಯಾಕ್ಟೋನ್ ಬಹಳ ಹೊತ್ತು ಅಂಟಿಕೊಂಡಿರುತ್ತದೆ. ಮೈಯ ಶಾಖ ಈ ಪಯಣವನ್ನು ಚುರುಕುಗೊಳಿಸುತ್ತದೆ. ಜಿಡ್ಡಿನ ಚರ್ಮದಲ್ಲಿ ಸುಗಂಧ ಹೆಚ್ಚು ಹೊತ್ತು ನಿಲ್ಲುತ್ತದೆ. ಒಣ ಚರ್ಮದಿಂದ ಬೇಗ ಜಾರಿಹೋಗುತ್ತದೆ. ಅಕ್ಕನಿಗೆ ಒಪ್ಪಿದ ಸೀಸೆ ತಂಗಿಗೆ ಒಪ್ಪದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲಿ ಒಂದು ಅಪಾಯವೂ ಅಡಗಿದೆ. ಹಚ್ಚಿಕೊಂಡವರ ಮೂಗು ಆ ವಾಸನೆಗೆ ಬೇಗನೆ ಒಗ್ಗಿಹೋಗುತ್ತದೆ. ಸುಗಂಧ ತೀರಿತೆಂದು ಭ್ರಮಿಸಿ ಅವರು ಮತ್ತೆ ಸಿಂಪಡಿಸಿಕೊಳ್ಳುತ್ತಾರೆ; ಪಕ್ಕದಲ್ಲಿ ಕುಳಿತವರು ತಲೆನೋವಿನಿಂದ ನರಳುತ್ತಾರೆ. ಗಾಢವಾದ ಹಣ್ಣಿನ ಸುಗಂಧಗಳಲ್ಲಿ, ಅದರಲ್ಲೂ ಬೇಸಗೆಯಲ್ಲಿ, ಈ ಎಚ್ಚರ ಇಮ್ಮಡಿಯಾಗಿರಬೇಕು. ಕೆಲವರ ಚರ್ಮಕ್ಕೆ ಸುಗಂಧದ್ರವ್ಯಗಳು ಒಗ್ಗದಿರುವುದೂ ಉಂಟು. ಓಕ್ ಕಲ್ಲುಹೂವಿನಲ್ಲಿರುವ, ತುರಿಕೆ ತರಬಲ್ಲ ಎರಡು ಅಂಶಗಳನ್ನು ಯೂರೋಪಿಯನ್ ಒಕ್ಕೂಟ 2017ರಲ್ಲಿ ನಿಷೇಧಿಸಿದ್ದು ಈ ಕಾರಣದಿಂದಲೇ.

ಆದುದರಿಂದ ಬೆಲೆಬಾಳುವ ಸೀಸೆಗೆ ಹಣ ತೆರುವ ಮುನ್ನ ಒಂದು ಹನಿಯನ್ನು ಮೊಣಕೈಯ ಒಳಭಾಗಕ್ಕೆ ಹಚ್ಚಿಕೊಂಡು, ಉಜ್ಜದೆ, ಮನೆಗೆ ಮರಳುವುದು ಜಾಣತನ. ಸಂಜೆಯ ಹೊತ್ತಿಗೆ ಉಳಿದ ವಾಸನೆ ಹಿತವಾಗಿದ್ದು, ಮರುದಿನವೂ ಚರ್ಮ ಕೆಂಪೇರದಿದ್ದರೆ ಆಗ ಕೊಳ್ಳಬಹುದು. ಅಂಗಡಿಯಲ್ಲಿ ಮೆಚ್ಚಿಸುವುದು ಹಣ್ಣು. ದಿನವಿಡೀ ಜೊತೆಗಿರುವುದು ಮರ.